ಎರಡು ರಾತ್ರಿಗೆ ಯಾವ ಕಡಲೂರು? ಮೈಸೂರು, ಮಂಡ್ಯದಿಂದ ಹೊರಡುವವರಿಗೆ ಒಂದು ಹೋಲಿಕೆ

ನಾಲ್ಕನೇ ಶನಿವಾರಕ್ಕೆ ಸೋಮವಾರದ ರಜೆಯೂ ಸೇರಿಕೊಂಡು ಬಂದರೆ ಮೈಸೂರು, ಮಂಡ್ಯದ ಮನೆಗಳಲ್ಲಿ ಒಂದೇ ಚರ್ಚೆ. ಮಕ್ಕಳಿಗೆ ಸಮುದ್ರ ಬೇಕು. ದೊಡ್ಡವರಿಗೆ ಬರೀ ಮರಳು, ಅಲೆ ಸಾಲದು. ಓಡಾಡಿಕೊಂಡು ನೋಡಲು ಹಳೇ ಬೀದಿ, ಕೋಟೆ, ದೇವಸ್ಥಾನ, ಚರ್ಚು ಏನಾದರೂ ಇರಬೇಕು. ಹೀಗೆ ಲೆಕ್ಕ ಹಾಕಿದರೆ ಕೊನೆಗೆ ಐದು ಹೆಸರು ಉಳಿಯುತ್ತವೆ: ಮಂಗಳೂರು, ಕಣ್ಣೂರು–ತಲಶ್ಶೇರಿ, ಕಲ್ಲಿಕೋಟೆ, ಕೊಚ್ಚಿ, ಪುದುಚೇರಿ. ಗೋವಾ ಯಾಕಿಲ್ಲ ಅಂತ ಕೇಳಬೇಡಿ. ಇಲ್ಲಿಂದ ಎರಡು ರಾತ್ರಿಗೆ ಅದು ಆಗದ ಮಾತು.

ಐದೂ ಒಳ್ಳೆಯ ಊರುಗಳೇ. ಆದರೆ ಫೋಟೊ ನೋಡಿ ಊರು ಆರಿಸಿದವರು ಅರ್ಧ ರಜೆಯನ್ನು ಘಾಟಿಯಲ್ಲೇ ಕಳೆದು ಬರುತ್ತಾರೆ. ನನ್ನ ಪ್ರಕಾರ ಮೊದಲು ದಾರಿ ಮತ್ತು ತಿಂಗಳು ನೋಡಬೇಕು, ಆಮೇಲೆ ಊರು.

ಯಾವುದನ್ನು ಅಳೆಯಬೇಕು

ನಾನು ಇಟ್ಟುಕೊಂಡಿರುವ ಪರೀಕ್ಷೆ ಸುಲಭದ್ದು. ಶನಿವಾರ ಬೆಳಗ್ಗೆ ಆರಕ್ಕೆ ಮನೆ ಬಿಟ್ಟರೆ ಅವತ್ತಿನ ಸಂಜೆ, ಸುಸ್ತಾಗದೆ, ಸಮುದ್ರದ ಮುಂದೆ ಇರ್ತೀರಾ? ಕೊನೆಯ ದಿನ ಮಧ್ಯಾಹ್ನದ ಊಟ ಅಲ್ಲೇ ಮುಗಿಸಿ ರಾತ್ರಿ ಮನೆಗೆ ಬಂದು ಮಲಗ್ತೀರಾ? ಎರಡಕ್ಕೂ ಹೌದು ಅನ್ನುವಂಥ ಊರು ಎರಡು ರಾತ್ರಿಗೆ ಸರಿ. ಒಂದಕ್ಕೆ ಮಾತ್ರ ಹೌದಾದರೆ ಮೂರು ರಾತ್ರಿ ಬೇಕು.

ಕಿಲೋಮೀಟರ್ ನೋಡಿ ಮೋಸ ಹೋಗಬೇಡಿ. ಮೈಸೂರಿನಿಂದ ಪುದುಚೇರಿ ಸುಮಾರು 450 ಕಿ.ಮೀ. ಕೊಚ್ಚಿ ಸುಮಾರು 400. ಆದರೂ ಕೊಚ್ಚಿಗೇ ಹೊತ್ತು ಜಾಸ್ತಿ ಹಿಡಿಯುವುದುಂಟು. ಪುದುಚೇರಿಯ ದಾರಿಯಲ್ಲಿ ಬೆಂಗಳೂರು ದಾಟುವುದೊಂದೇ ಕಷ್ಟ, ಉಳಿದದ್ದು ಬಹುಪಾಲು ದೊಡ್ಡ ರಸ್ತೆ. ಕೊಚ್ಚಿಗೆ ಹೋಗುವಾಗ ಘಾಟಿ ಇಳಿದ ಮೇಲೂ ಊರಿಗೆ ಊರು ಅಂಟಿಕೊಂಡೇ ಇರುತ್ತದೆ.

ಇನ್ನು ಕಾಡಿನ ಗೇಟು. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡಿನಲ್ಲಿ ಹೋಗುವ ವಯನಾಡಿನ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. 2009ರಿಂದ ಇದೇ ನಿಯಮ. ಬೆರಳೆಣಿಕೆಯ ಸರ್ಕಾರಿ ಬಸ್ಸುಗಳು, ಆಂಬುಲೆನ್ಸ್ ಬಿಟ್ಟರೆ ಯಾರಿಗೂ ಬಿಡುವುದಿಲ್ಲ. ಹೋಗುವಾಗ ಇದರಿಂದ ತೊಂದರೆ ಇಲ್ಲ, ಬೆಳಗ್ಗೆ ಹೊರಟರೆ ಆಯಿತು. ಸಿಕ್ಕಿಹಾಕಿಕೊಳ್ಳುವುದು ಬರುವಾಗ.

ಮೂರನೆಯದು, ಹಳೇ ಊರನ್ನು ನಡೆದೇ ನೋಡಬಹುದಾ ಅನ್ನುವುದು. ಇದಕ್ಕೆ ನಾನು ಜಾಸ್ತಿ ಅಂಕ ಕೊಡುತ್ತೇನೆ. ಕಾರು ನಿಲ್ಲಿಸಲು ಜಾಗ ಹುಡುಕುತ್ತಾ, ಹತ್ತು ನಿಮಿಷ ಇಳಿದು ನೋಡಿ, ಮತ್ತೆ ಕಾರು ಹತ್ತುವುದು ರಜೆಯೇ ಅಲ್ಲ.

ತಿಂಗಳ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಮೈಸೂರಿನವರಿಗೆ ಎರಡೂ ಕರಾವಳಿ ಎಟಕುತ್ತವೆ, ಎರಡರ ಮಳೆಗಾಲ ಬೇರೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಕರಾವಳಿಯಲ್ಲಿ ಮುಂಗಾರು. ಅಲೆ ಉಗ್ರವಾಗಿರುತ್ತದೆ, ನೀರಿಗೆ ಇಳಿಯಲು ಬಿಡುವುದಿಲ್ಲ, ಘಾಟಿಯಲ್ಲಿ ಗುಡ್ಡ ಕುಸಿಯುವ ಭಯ ಬೇರೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಕುಸಿದು ಮುಚ್ಚಿದ್ದು ನೆನಪಿರಬಹುದು. ಪುದುಚೇರಿಯದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ದೊಡ್ಡ ಮಳೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ. ಚಂಡಮಾರುತಗಳು ಬರುವುದೂ ಆಗಲೇ. ಅಂದ್ರೆ ಜುಲೈ, ಆಗಸ್ಟ್‌ನಲ್ಲಿ ಸಮುದ್ರ ನೋಡಲೇಬೇಕು ಅನ್ನುವವರಿಗೆ ಪೂರ್ವ, ನವೆಂಬರ್‌ನಲ್ಲಿ ಹೋಗುವವರಿಗೆ ಪಶ್ಚಿಮ. ಜನವರಿ, ಫೆಬ್ರವರಿಯಲ್ಲಿ ಎಲ್ಲಿಗೆ ಹೋದರೂ ಸೈ. ಏಪ್ರಿಲ್, ಮೇ ತಿಂಗಳ ಸೆಕೆ ಎರಡು ಕಡೆಯೂ ಒಂದೇ. ಮೈಸೂರಿನ ಹವೆಗೆ ಒಗ್ಗಿದ ಮೈಗೆ ಆ ಬೆವರು ಸಹಿಸುವುದು ಕಷ್ಟ.

ಮೀನು ತಿನ್ನಲಿಕ್ಕೇ ಹೋಗುವವರು ಇನ್ನೊಂದು ಲೆಕ್ಕ ನೋಡಬೇಕು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಕೇರಳದಲ್ಲೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಟ್ರಾಲರ್ ದೋಣಿಗಳು ದಡದಲ್ಲಿರುತ್ತವೆ. ಪುದುಚೇರಿ ಕಡೆ ನಿಷೇಧ ಏಪ್ರಿಲ್ 15ರಿಂದ ಜೂನ್ 14. ಆಗ ಮೀನು ಸಿಗುವುದೇ ಇಲ್ಲ ಅಂತಲ್ಲ. ನಾಡದೋಣಿಯವರದ್ದು ಸಿಗುತ್ತದೆ, ಆದರೆ ಆಯ್ಕೆ ಕಡಿಮೆ, ದರ ಜಾಸ್ತಿ.

ಊಟದ ಮಾತಿಗೆ ಬಂದರೆ, ಸಸ್ಯಾಹಾರಿಗಳಿಗೆ ಮಂಗಳೂರು, ಪುದುಚೇರಿ ಎರಡೂ ಸಲೀಸು. ಕೇರಳದ ಮೂರು ಕಡೆ ಹುಡುಕಬೇಕು, ಆದರೂ ಸಿಗುತ್ತದೆ. ಮನೆಯ ಹಿರಿಯರಿಗೆ ಮುಖ್ಯ ತಕರಾರು ಬರುವುದು ದಪ್ಪನೆಯ ಕುಸುಬಲಕ್ಕಿ ಅನ್ನ ಮತ್ತು ಕೊಬ್ಬರಿ ಎಣ್ಣೆ ಒಗ್ಗರಣೆಯಿಂದ. ಬಿಳಿ ಅನ್ನ ಇದೆಯಾ ಅಂತ ಮೊದಲೇ ಕೇಳಿಕೊಂಡು ಕೂರಿ. ಲೋಟದಲ್ಲಿ ಗುಲಾಬಿ ಬಣ್ಣದ ಬೆಚ್ಚನೆ ನೀರು ತಂದಿಟ್ಟರೆ ಗಾಬರಿ ಬೇಡ, ಮರದ ಚಕ್ಕೆ ಹಾಕಿ ಕುದಿಸಿದ ಕುಡಿಯುವ ನೀರು ಅದು. ಮುದ್ದೆ ಐದೂ ಕಡೆ ಇಲ್ಲ, ಮಂಡ್ಯದವರು ಎರಡು ದಿನ ತಡೆದುಕೊಳ್ಳಬೇಕು.

ದುಡ್ಡಿನಲ್ಲಿ ರೂಮು ಎಷ್ಟು ಮುಖ್ಯವೋ ಪೆಟ್ರೋಲೂ ಅಷ್ಟೇ ಮುಖ್ಯ. ಲೀಟರಿಗೆ 15 ಕಿ.ಮೀ. ಕೊಡುವ ಕಾರಾದರೆ ಹೋಗಿಬರಲು ಕಣ್ಣೂರಿಗೆ ಸುಮಾರು 24 ಲೀಟರ್, ಮಂಗಳೂರಿಗೆ 33, ಕೊಚ್ಚಿಗೆ 53, ಪುದುಚೇರಿಗೆ 60. ಹಳದಿ ಬೋರ್ಡಿನ ಬಾಡಿಗೆ ಕಾರು ಮಾಡಿಕೊಂಡರೆ ರಾಜ್ಯ ದಾಟುವ ಪರ್ಮಿಟ್ ಖರ್ಚು ಬೇರೆ. ಬಾಡಿಗೆ ಮಾತಾಡುವಾಗಲೇ ಅದು ಸೇರಿದೆಯೋ ಇಲ್ಲವೋ ಕೇಳಿಕೊಳ್ಳಿ. ಮಂಗಳೂರಿಗೆ ಆ ತಲೆನೋವಿಲ್ಲ. ಅಷ್ಟೇ ಅಲ್ಲ, ಶಕ್ತಿ ಯೋಜನೆ ಇರುವುದರಿಂದ ಮಂಗಳೂರಿನ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಟಿಕೆಟ್ಟೇ ಇಲ್ಲ. ರಾಜ್ಯ ದಾಟುವ ಬಸ್ಸಿಗೆ ಆ ಸೌಲಭ್ಯ ಸಿಗುವುದಿಲ್ಲ. ಅಮ್ಮ, ಅತ್ತೆ, ಅಕ್ಕ, ಇಬ್ಬರು ಹೆಣ್ಣುಮಕ್ಕಳು ಹೊರಟ ಮನೆಗೆ ಇದು ಸಣ್ಣ ಉಳಿತಾಯ ಅಲ್ಲ.

ಮಂಗಳೂರು

ಹುಣಸೂರು, ಕುಶಾಲನಗರ, ಮಡಿಕೇರಿ, ಸುಳ್ಯ, ಪುತ್ತೂರು ಹಾದು ಸುಮಾರು 250 ಕಿ.ಮೀ. ಮಧ್ಯೆ ತಿಂಡಿ, ಕಾಫಿ ಸೇರಿ ಆರು ಗಂಟೆ, ಕೆಲವೊಮ್ಮೆ ಆರೂವರೆ. ಮಂಡ್ಯದವರು ಮೈಸೂರಿಗೆ ಬರದೆ ನಾಗಮಂಗಲ, ಬೆಳ್ಳೂರು ಕ್ರಾಸ್, ಹಾಸನ, ಶಿರಾಡಿ ಘಾಟಿ ಹಿಡಿಯಬಹುದು. ಬೆಂಗಳೂರಿನಿಂದ ಮುರುಡೇಶ್ವರಕ್ಕೆ ಹೋಗುವ ರಾತ್ರಿ ರೈಲು ಮೈಸೂರಿನ ಮೇಲೇ ಹೋಗುತ್ತದೆ. ಮಲಗಿ ಎದ್ದರೆ ಕರಾವಳಿ. ಘಾಟಿಯಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳಿದ್ದರೆ ಈ ರೈಲೇ ಲೇಸು.

ಇಲ್ಲಿನ ಇತಿಹಾಸ ಕಣ್ಣಿಗೆ ತಾನಾಗಿ ಬೀಳುವುದಿಲ್ಲ, ಹುಡುಕಬೇಕು. 1784ರಲ್ಲಿ ಟಿಪ್ಪುವಿಗೂ ಇಂಗ್ಲಿಷರಿಗೂ ಒಪ್ಪಂದ ಆಗಿದ್ದು ಇದೇ ಊರಿನಲ್ಲಿ. ಶ್ರೀರಂಗಪಟ್ಟಣ ನೋಡಿಕೊಂಡು ಬೆಳೆದವರಿಗೆ ಬೋಳೂರಿನ ಸುಲ್ತಾನ್ ಬತ್ತೇರಿ ಅದೇ ಕಥೆಯ ಇನ್ನೊಂದು ಪುಟ. ಕಪ್ಪು ಕಲ್ಲಿನ ಒಂದು ಸಣ್ಣ ಕಾವಲು ಬುರುಜು, ಗೋಡೆಯಲ್ಲಿ ತೋಪು ಹೊರಚಾಚುವ ಕಿಂಡಿಗಳು, ಎದುರಿಗೆ ಗುರುಪುರ ಹೊಳೆ. ನೋಡಲು ಕಾಲು ಗಂಟೆ ಸಾಕು. ಅಲ್ಲಿಂದಲೇ ದೋಣಿ ಹತ್ತಿ ಆಚೆ ದಡಕ್ಕೆ ಹೋದರೆ ತಣ್ಣೀರುಬಾವಿ ಬೀಚ್. ಪಣಂಬೂರಿನ ಗದ್ದಲಕ್ಕಿಂತ ಇದು ಮೇಲು ಅನ್ನುವುದು ನನ್ನ ಅಭಿಪ್ರಾಯ.

ಕದ್ರಿ ದೇವಸ್ಥಾನದ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ ಕ್ರಿ.ಶ. 968ರ ಶಾಸನ ಇದೆ. ಸುಮ್ನೆ ಕೈಮುಗಿದು ಬರುವ ವಿಗ್ರಹ ಅಲ್ಲ ಅದು, ನಿಂತು ನೋಡಬೇಕು. ಅಲೋಶಿಯಸ್ ಕಾಲೇಜಿನ ಚಾಪೆಲ್‌ನಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೇನಿ ಗೋಡೆ, ಚಾವಣಿ ಎಲ್ಲವನ್ನೂ ಚಿತ್ರದಿಂದ ತುಂಬಿಸಿದ್ದಾನೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟಿದ್ದೂ ಇಲ್ಲಿಂದಲೇ. ನಮ್ಮ ಅಜ್ಜಿ ಮನೆಗಳ ಮೇಲಿದ್ದ ಮಂಗಳೂರು ಹೆಂಚಿನ ಮೊದಲ ಕಾರ್ಖಾನೆಯನ್ನು ಬಾಸೆಲ್ ಮಿಶನ್‌ನವರು ಶುರು ಮಾಡಿದ್ದು 1865ರಲ್ಲಿ.

ಕೊರತೆ ಏನಂದ್ರೆ, ಊರು ಗುಡ್ಡ ಗುಡ್ಡಗಳ ಮೇಲೆ ಹರಡಿದೆ. ಒಂದು ಹಳೇ ಬೀದಿ ಹಿಡಿದು ಇಡೀ ಊರು ನೋಡಿದೆ ಅನ್ನುವ ಹಾಗಿಲ್ಲ. ಆಟೊ, ಸಿಟಿ ಬಸ್ಸು ಬೇಕೇ ಬೇಕು. ಅದರ ಬದಲಿಗೆ ಸಿಗುವುದು ನಿರಾಳ: ಕನ್ನಡ ನಡೆಯುತ್ತದೆ, ನೀರುದೋಸೆ, ಬನ್ಸ್, ಗಡ್‌ಬಡ್ ಐಸ್‌ಕ್ರೀಂ ಎಲ್ಲರಿಗೂ ಹಿಡಿಸುತ್ತದೆ, ಕೋರಿ ರೊಟ್ಟಿ ಬೇಕಾದವರಿಗೆ ಅದೂ ಇದೆ, ಎಲ್ಲ ಬೆಲೆಯ ರೂಮೂ ಸಿಗುತ್ತದೆ.

ಕಣ್ಣೂರು–ತಲಶ್ಶೇರಿ

ಮೈಸೂರಿನವರು ಯಾಕೋ ಈ ಜೋಡಿ ಊರನ್ನು ಲೆಕ್ಕಕ್ಕೇ ಇಡುವುದಿಲ್ಲ. ನಮಗೆ ಅತಿ ಹತ್ತಿರದ ಸಮುದ್ರ ಇದೇ. ಹುಣಸೂರು, ಗೋಣಿಕೊಪ್ಪ, ವಿರಾಜಪೇಟೆ, ಮಾಕುಟ್ಟ, ಇರಿಟ್ಟಿ. ಸುಮಾರು 180 ಕಿ.ಮೀ., ಐದು ಗಂಟೆ. ಈ ದಾರಿಯಲ್ಲಿ ಬಂಡೀಪುರದ ಹಾಗೆ ರಾತ್ರಿ ಗೇಟು ಹಾಕುವುದಿಲ್ಲ. ಮಾಕುಟ್ಟದ ಕಾಡಿನ ರಸ್ತೆ ಮಳೆಗಾಲದಲ್ಲಿ ಮಾತ್ರ ನಂಬಿಕೆಗೆ ಅರ್ಹವಲ್ಲ, ಉಳಿದಂತೆ ಚೆಂದ. ಬೆಳಗ್ಗೆ ಆರಕ್ಕೆ ಹೊರಟವರು ಮಧ್ಯಾಹ್ನದ ಊಟಕ್ಕೆ ತಲಶ್ಶೇರಿಯಲ್ಲಿ, ಸಂಜೆಗೆ ಮುಳಪ್ಪಿಲಂಗಾಡ್ ಬೀಚಿನಲ್ಲಿ. ಅಲ್ಲಿ ಸುಮಾರು ನಾಲ್ಕು ಕಿ.ಮೀ. ಉದ್ದಕ್ಕೆ ಗಟ್ಟಿ ಮರಳಿನ ಮೇಲೆ ಕಾರನ್ನೇ ಓಡಿಸಬಹುದು. ಮಕ್ಕಳಿಗೆ ಇದಕ್ಕಿಂತ ಖುಷಿ ಬೇಕಾ? ಮನೆಗೆ ಬಂದ ಮೇಲೆ ಕಾರಿನ ತಳಕ್ಕೆ ಒಳ್ಳೆ ನೀರು ಹೊಡೆಸುವುದು ಮರೆಯಬೇಡಿ, ಉಪ್ಪು ತಿಂದು ತುಕ್ಕು ಹಿಡಿಯುತ್ತದೆ.

ಕಣ್ಣೂರಿನ ಸೇಂಟ್ ಆಂಜೆಲೊ ಕೋಟೆಯನ್ನು ಪೋರ್ಚುಗೀಸರು ಕಟ್ಟಲು ಶುರು ಮಾಡಿದ್ದು 1505ರಲ್ಲಿ. 1663ರಲ್ಲಿ ಡಚ್ಚರ ಕೈಗೆ ಹೋಯಿತು, 1772ರಲ್ಲಿ ಅವರು ಅದನ್ನು ಅರಕ್ಕಲ್ ಮನೆತನಕ್ಕೆ ಮಾರಿದರು, 1790ರಲ್ಲಿ ಇಂಗ್ಲಿಷರು ಕಿತ್ತುಕೊಂಡರು. ಕೆಂಪು ಜಂಬಿಟ್ಟಿಗೆಯ ಗೋಡೆ, ಮೇಲೆ ಸಾಲಾಗಿ ತೋಪುಗಳು, ಕೆಳಗೆ ಮೀನುಗಾರರ ಬಂದರು. ಐದು ಊರಲ್ಲಿ ಕೋಟೆ ಅಂತ ನೋಡಬೇಕಾದ್ದು ಇದೊಂದೇ. ತಲಶ್ಶೇರಿಯದ್ದೂ ಒಂದು ಕೋಟೆ ಇದೆ, 1708ರದ್ದು, ಚಿಕ್ಕದು. ಆ ಊರಿಗೆ ಹೋಗುವುದು ಬಿರಿಯಾನಿಗೆ ಮತ್ತು ಬೇಕರಿಗೆ. ಸಣ್ಣ ಕಾಳಿನ ಜೀರಕಶಾಲಾ ಅಕ್ಕಿಯ ಬಿರಿಯಾನಿ ನಮ್ಮ ಮೈಸೂರಿನದ್ದಕ್ಕಿಂತ ಖಾರ ಕಡಿಮೆ, ಘಮ ಜಾಸ್ತಿ. 1883ರಲ್ಲೇ ಕ್ರಿಸ್‌ಮಸ್ ಕೇಕ್ ಬೇಯಿಸಿದ ಊರು ಇದು.

ಇಲ್ಲಿ ಸಿಗುವ, ಬೇರೆಲ್ಲೂ ಸಿಗದ ಒಂದು ಅಂದ್ರೆ ತೆಯ್ಯಂ, ವೇಷ ಕಟ್ಟಿ ದೇವರಾಗಿ ಕುಣಿಯುವ ಆಚರಣೆ. ಊರೂರಿನ ತೆಯ್ಯಂಗಳ ಕಾಲ ಅಕ್ಟೋಬರ್ ಕೊನೆಯಿಂದ ಮೇವರೆಗೆ. ಆದರೆ ಪರಶ್ಶಿನಿಕಡವಿನ ಮುತ್ತಪ್ಪನ ಗುಡಿಯಲ್ಲಿ ಹೆಚ್ಚುಕಡಿಮೆ ವರ್ಷವಿಡೀ ನಡೆಯುತ್ತದೆ. ಹೊಳೆ ದಂಡೆಯ ಗುಡಿ, ಒಳಗೆ ನಾಯಿಗಳು ಆರಾಮಾಗಿ ಓಡಾಡಿಕೊಂಡಿರುತ್ತವೆ, ದೇವರಿಗೆ ಮೀನು, ಕಳ್ಳು ನೈವೇದ್ಯ. ಕುಣಿತ ಮುಗಿದ ಮೇಲೆ ಮುತ್ತಪ್ಪ ಭಕ್ತರನ್ನು ಒಬ್ಬೊಬ್ಬರಾಗಿ ಹತ್ತಿರ ಕರೆದು ಕೈ ಹಿಡಿದು ಕಷ್ಟಸುಖ ಕೇಳುತ್ತಾನೆ. ಪ್ರಸಾದ ಬೇಯಿಸಿದ ಕಾಳು, ಒಂದು ಚೂರು ತೆಂಗಿನಕಾಯಿ, ಒಂದು ಲೋಟ ಟೀ. ಕೊಡಗಿನಿಂದ ಬಂದವರು ಗುಂಪಿನಲ್ಲಿ ಇದ್ದೇ ಇರುತ್ತಾರೆ.

ಫ್ರೆಂಚರ ಊರು ನೋಡುವ ಆಸೆ ಇದ್ದವರಿಗೆ ತಲಶ್ಶೇರಿಯ ಪಕ್ಕದಲ್ಲೇ ಮಾಹೆ ಇದೆ. ಆಡಳಿತದಲ್ಲಿ ಅದು ಪುದುಚೇರಿಗೇ ಸೇರಿದ್ದು. ಆದರೆ ಪುದುಚೇರಿ ನೋಡಿದ ಹಾಗಾಯ್ತು ಅಂದುಕೊಳ್ಳಬೇಡಿ. ಹೊಳೆ ಬದಿಯ ಕಾಲುದಾರಿ, ಒಂದು ಚರ್ಚು, ಬಾಕಿ ಎಲ್ಲ ಹೆಂಡದಂಗಡಿ.

ಸಸ್ಯಾಹಾರಿಗಳಿಗೆ, ಒಳ್ಳೆಯ ಮ್ಯೂಸಿಯಂ, ಕೆಫೆ, ಶಾಪಿಂಗ್ ಬೇಕು ಅನ್ನುವವರಿಗೆ ಇದು ಸಪ್ಪೆ ಅನ್ನಿಸಬಹುದು. ಎರಡು ಊರಿನ ಮಧ್ಯೆ 20 ಕಿ.ಮೀ. ಇರುವುದರಿಂದ ಸ್ವಂತ ಗಾಡಿ ಇದ್ದರೇ ಚೆಂದ.

ಕಲ್ಲಿಕೋಟೆ

ಸಬರ್ಬ್ ಬಸ್ ಸ್ಟ್ಯಾಂಡಿನಿಂದ ಬಸ್ಸುಗಳಿಗೆ ಬರವಿಲ್ಲ. ಸುಮಾರು 210 ಕಿ.ಮೀ. ಗುಂಡ್ಲುಪೇಟೆ, ಮುತ್ತಂಗ, ವಯನಾಡಿನ ಸುಲ್ತಾನ್ ಬತ್ತೇರಿ ಊರು, ಕಲ್ಪೆಟ್ಟ, ಕೊನೆಗೆ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವು. ಹೋಗುವುದು ಸೊಗಸು. ಬರುವ ದಿನದ್ದೇ ಸಮಸ್ಯೆ. ರಾತ್ರಿ 9ಕ್ಕೆ ಮೊದಲು ಮುತ್ತಂಗ ದಾಟಬೇಕು. ರಜೆ ಮುಗಿಯುವ ದಿನ ಆ ಒಂಬತ್ತು ತಿರುವಿನಲ್ಲಿ ಗಾಡಿಗಳು ಗಂಟೆಗಟ್ಟಲೆ ನಿಲ್ಲುತ್ತವೆ. ಹಾಗಾಗಿ ಮಧ್ಯಾಹ್ನ ಮೂರರ ಒಳಗೆ ಕಲ್ಲಿಕೋಟೆ ಬಿಡುವುದು ಕ್ಷೇಮ. ತಡವಾದರೆ ಮಾನಂದವಾಡಿ, ಕುಟ್ಟ, ಗೋಣಿಕೊಪ್ಪ ಕಡೆಯಿಂದ ಸುತ್ತಿ ಬರಬೇಕು.

1498ರಲ್ಲಿ ವಾಸ್ಕೊ ಡ ಗಾಮ ಬಂದಿಳಿದ ಕಾಪ್ಪಾಡ್ ಇಲ್ಲಿಂದ ಹತ್ತಿರ. ಅಲ್ಲಿರುವುದು ಒಂದು ಕಲ್ಲು, ಒಂದು ಬೀಚು. ಇತಿಹಾಸಕ್ಕಾಗಿ ಹೋಗಬೇಕಾದ್ದು ಕುಟ್ಟಿಚಿರಕ್ಕೆ. ಅಲ್ಲಿನ ಮಿಶ್ಕಾಲ್ ಮಸೀದಿ ನೋಡಿದರೆ ಮಸೀದಿ ಅಂತ ಗೊತ್ತೇ ಆಗುವುದಿಲ್ಲ. ಮಿನಾರಿಲ್ಲ, ಅಂತಸ್ತಿನ ಮೇಲೆ ಅಂತಸ್ತು ಮರದ ಕಟ್ಟಡ, ಇಳಿಜಾರು ಮಾಡು, ಎದುರಿಗೆ ದೊಡ್ಡ ಕೊಳ. 1510ರಲ್ಲಿ ಪೋರ್ಚುಗೀಸರು ಇದಕ್ಕೆ ಬೆಂಕಿ ಇಟ್ಟಿದ್ದರು. ಬೇಪೂರಿನಲ್ಲಿ ಮರದ ದೊಡ್ಡ ಹಡಗು ಕಟ್ಟುವವರು ಇದ್ದಾರೆ. ಉಳಿದದ್ದೆಲ್ಲ ತಿನ್ನುವ ವ್ಯವಹಾರ: ಮಿಠಾಯಿ ಬೀದಿಯ ಹಲ್ವ, ಬೀಚಿನಲ್ಲಿ ಉಪ್ಪುನೀರಲ್ಲಿ ನೆನೆಹಾಕಿದ ಮಾವಿನಕಾಯಿ, ಅನಾನಸ್, ಅಕ್ಕಿಹಿಟ್ಟು ತುಂಬಿ ಹುರಿದ ಚಿಪ್ಪುಮೀನು. ತಿಂಡಿಪೋತರ ಗುಂಪಿಗೆ, ಬಸ್ಸಿನಲ್ಲಿ ಹೋಗುವವರಿಗೆ ಇದು ಚೆನ್ನ. ವಯಸ್ಸಾದವರನ್ನು ಕರೆದುಕೊಂಡು ಹೋಗಲು ನಾನಂತೂ ಹೇಳುವುದಿಲ್ಲ.

ಕೊಚ್ಚಿ

ಹಳೇ ಊರು ಅಂದರೆ ಹೇಗಿರಬೇಕು ಅಂತ ಮನಸ್ಸಿನಲ್ಲಿ ಇರುತ್ತದಲ್ಲ, ಅದಕ್ಕೆ ಐದರಲ್ಲಿ ಅತಿ ಹತ್ತಿರದ್ದು ಫೋರ್ಟ್ ಕೊಚ್ಚಿ ಮತ್ತು ಮಟ್ಟಾಂಚೇರಿ. ದೊಡ್ಡ ಮಳೆಮರಗಳ ನೆರಳು, ಅಗಲ ಕಿಟಕಿಯ ಡಚ್ ಮನೆಗಳು, ಮಸಾಲೆ ಗೋದಾಮಿನ ಶುಂಠಿ, ಮೆಣಸಿನ ವಾಸನೆ. ಪೂರ್ತಿ ನಡೆದೇ ನೋಡಬಹುದು. ಕಾಲು ಸೋತರೆ ಆಟೊ.

ಸೇಂಟ್ ಫ್ರಾನ್ಸಿಸ್ ಚರ್ಚಿನ ನೆಲದಲ್ಲಿ ಗಾಮನ ಸಮಾಧಿ ಕಲ್ಲು ಇದೆ. 1524ರಲ್ಲಿ ಇಲ್ಲೇ ಹೂತರು, 1539ರಲ್ಲಿ ಅವಶೇಷಗಳನ್ನು ಪೋರ್ಚುಗಲ್‌ಗೆ ಒಯ್ದರು. ತಲೆಯೆತ್ತಿ ನೋಡಿದರೆ ಹೊರಗಿನಿಂದ ಹಗ್ಗ ಎಳೆದು ಬೀಸುತ್ತಿದ್ದ ಬಟ್ಟೆಯ ಹಳೇ ಪಂಖಗಳು. ಮಟ್ಟಾಂಚೇರಿ ಅರಮನೆಯನ್ನು ಪೋರ್ಚುಗೀಸರು ಕೊಚ್ಚಿ ರಾಜರಿಗೆ ಕಟ್ಟಿಸಿಕೊಟ್ಟಿದ್ದು, ಡಚ್ಚರು ರಿಪೇರಿ ಮಾಡಿಸಿದ್ದು. ಮೈಸೂರು ಅರಮನೆ ನೋಡಿದ ಕಣ್ಣಿಗೆ ಹೊರಗಿನಿಂದ ಇದು ಮನೆ ಅನ್ನಿಸುತ್ತದೆ. ಒಳಗೆ ಮಲಗುವ ಕೋಣೆಯ ಗೋಡೆ ತುಂಬ ಇರುವ ರಾಮಾಯಣದ ಚಿತ್ರಗಳ ಮುಂದೆ ನಿಂತರೆ ಆ ಮಾತು ವಾಪಸ್ ತೆಗೆದುಕೊಳ್ಳಬೇಕಾಗುತ್ತದೆ. ಪಕ್ಕದಲ್ಲೇ ಯೆಹೂದಿಗಳ ಪ್ರಾರ್ಥನಾ ಮಂದಿರ, ಪರದೇಸಿ ಸಿನಗಾಗ್, 1568ರದ್ದು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಮೊದಲು ನೆಲ ನೋಡಿ: ಕೈಯಲ್ಲಿ ನೀಲಿ ಚಿತ್ರ ಬರೆದ ಚೀನಾದ ಬಿಲ್ಲೆಗಳು.

ಚೀನೀ ಬಲೆಗಳನ್ನು ಎಲ್ಲರೂ ಸಂಜೆ ಫೋಟೊಗೆ ನೋಡುತ್ತಾರೆ. ಬೆಳಗ್ಗೆ ಹೋಗಿ, ಕೆಲಸ ನೋಡಬಹುದು. ಒಂದು ತುದಿಯಲ್ಲಿ ಬಲೆ, ಇನ್ನೊಂದು ತುದಿಯಲ್ಲಿ ಹಗ್ಗಕ್ಕೆ ಇಳಿಬಿಟ್ಟ ಗುಂಡುಕಲ್ಲುಗಳು. ಒಬ್ಬಾಳು ಮುಖ್ಯ ಮರದ ಮೇಲೆ ಮುಂದಕ್ಕೆ ನಡೆದರೆ ಆ ಭಾರಕ್ಕೇ ಇಡೀ ಚೌಕಟ್ಟು ನೀರಿಗೆ ಬಾಗುತ್ತದೆ. ಸ್ವಲ್ಪ ಹೊತ್ತಿಗೆ ನಾಲ್ಕೈದು ಜನ ಹಗ್ಗ ಎಳೆದು ಎತ್ತುತ್ತಾರೆ. ಬರುವುದು ಒಂದು ಹಿಡಿ ಮೀನು. ನಿಮ್ಮನ್ನೂ ಎಳೆಯಲು ಕರೆದರೆ ಕೊನೆಗೆ ದುಡ್ಡು ಕೇಳುತ್ತಾರೆ ಅಂತ ತಿಳಿದುಕೊಂಡೇ ಹೋಗಿ.

ವಾರಾಂತ್ಯದವರು ಗಮನಿಸಬೇಕಾದ್ದು: ಅರಮನೆಗೆ ಶುಕ್ರವಾರ ರಜೆ, ಸಿನಗಾಗ್ ಶುಕ್ರವಾರ ಮಧ್ಯಾಹ್ನದಿಂದ ಶನಿವಾರ ಪೂರ್ತಿ ಮುಚ್ಚಿರುತ್ತದೆ, ಚರ್ಚಿನಲ್ಲಿ ಭಾನುವಾರ ಬೆಳಗ್ಗೆ ಪ್ರಾರ್ಥನೆ. ಆದ್ದರಿಂದ ಶನಿವಾರ ಚರ್ಚು, ಅರಮನೆ ಮುಗಿಸಿ ಭಾನುವಾರಕ್ಕೆ ಸಿನಗಾಗ್ ಇಟ್ಟುಕೊಳ್ಳಿ. ಎರ್ನಾಕುಳಂನಿಂದ ಫೋರ್ಟ್ ಕೊಚ್ಚಿಗೆ ಸೇತುವೆ ಸುತ್ತಿಕೊಂಡು ಹೋಗಬೇಡಿ. 2023ರಲ್ಲಿ ಶುರುವಾದ ವಾಟರ್ ಮೆಟ್ರೊ ಏಸಿ ದೋಣಿ ಈಗ ಅಲ್ಲಿಗೂ ಹೋಗುತ್ತದೆ. ಹಳೇ ಸರ್ಕಾರಿ ದೋಣಿ ಇನ್ನೂ ಅಗ್ಗ.

ಸ್ನಾನಕ್ಕೆ ಮಾತ್ರ ಫೋರ್ಟ್ ಕೊಚ್ಚಿಯ ಬೀಚ್ ಬೇಡ. ವೈಪಿನ್ ದ್ವೀಪದ ಚೆರಾಯಿಗೆ ಹೋಗಬೇಕು, ಅದಕ್ಕೇ ಅರ್ಧ ದಿನ.

ಕೊಚ್ಚಿಗೆ ಕಾರಿನಲ್ಲಿ ಹೋಗುವುದಾದರೆ ಒಂಬತ್ತು ಹತ್ತು ಗಂಟೆ, ಎರಡು ರಾತ್ರಿಯ ಪ್ರವಾಸದ ಎರಡು ಹಗಲೂ ಸೀಟಿನಲ್ಲೇ ಹೋಗುತ್ತವೆ. ರೈಲಿನಲ್ಲಿ ಹೋದರೆ ಲೆಕ್ಕವೇ ಬೇರೆ. ಮೈಸೂರಿನಿಂದ ತಿರುವನಂತಪುರ ಕಡೆಗೆ ಹೋಗುವ ರೈಲು ಮಧ್ಯಾಹ್ನ ಹೊರಟು ಮಂಡ್ಯ, ಬೆಂಗಳೂರು, ಸೇಲಂ ದಾರಿಯಲ್ಲಿ ಬೆಳಗಿನ ಜಾವ ಎರ್ನಾಕುಳಂ ಮುಟ್ಟಿಸುತ್ತದೆ. ಶುಕ್ರವಾರ ಅರ್ಧ ದಿನ ರಜೆ ಹಾಕಿದರೆ ಶನಿವಾರ ಇಡೀ ದಿನ ಕೈಯಲ್ಲಿ. ವಾಪಸ್ ಬರುವಾಗಲೂ ರಾತ್ರಿ ಪ್ರಯಾಣ, ಆದರೆ ಮೈಸೂರು ಮುಟ್ಟುವಾಗ ಚೆನ್ನಾಗಿ ಹೊತ್ತೇರಿರುತ್ತದೆ. ಅವತ್ತಿನ ಆಫೀಸು ಮರೆತುಬಿಡಿ.

ಪುದುಚೇರಿ

ಮಂಡ್ಯದವರಿಗೆ ಇಲ್ಲಿ ಒಂದು ಅನುಕೂಲ: ಪಶ್ಚಿಮದ ಊರುಗಳಿಗೆ ಹೋಗಲು ಮೈಸೂರಿನವರಿಗಿಂತ ನೀವು ಹೆಚ್ಚು ದೂರ, ಪುದುಚೇರಿಗೆ 45 ಕಿ.ಮೀ. ಹತ್ತಿರ. ಎಕ್ಸ್‌ಪ್ರೆಸ್‌ವೇ ಹಿಡಿದು, ಬೆಂಗಳೂರನ್ನು ಬೆಳಗ್ಗೆ ಏಳೂವರೆ ಒಳಗೆ ದಾಟಿ, ಕೃಷ್ಣಗಿರಿ, ತಿರುವಣ್ಣಾಮಲೈ, ತಿಂಡಿವನಂ. ಬೈಕಿನವರಿಗೆ ಎಕ್ಸ್‌ಪ್ರೆಸ್‌ವೇ ಇಲ್ಲ, ಸರ್ವೀಸ್ ರಸ್ತೆಯೇ ಗತಿ. ಏನೇ ಮಾಡಿದರೂ ಎಂಟೂವರೆ, ಒಂಬತ್ತು ಗಂಟೆ. ಅಂದ್ರೆ ಮೂರು ರಾತ್ರಿ ಇಟ್ಟುಕೊಳ್ಳುವುದು ಒಳ್ಳೆಯದು. ದಾರಿಯಲ್ಲಿ ತಿರುವಣ್ಣಾಮಲೈ ಇರುವುದರಿಂದ ಹಿರಿಯರಿಗೆ ಅರುಣಾಚಲೇಶ್ವರನ ದರ್ಶನವೂ ಆಗುತ್ತದೆ. ಹುಣ್ಣಿಮೆ ದಿನ ಮಾತ್ರ ಆ ದಾರಿ ಬೇಡ, ಗಿರಿ ಪ್ರದಕ್ಷಿಣೆಯ ಜನಸಾಗರ ಇರುತ್ತದೆ.

ಇಲ್ಲಿ ಸೂರ್ಯ ಸಮುದ್ರದಿಂದ ಹುಟ್ಟುತ್ತಾನೆ. ಪಶ್ಚಿಮ ಕರಾವಳಿ ಸಂಜೆಯ ಊರಾದರೆ ಇದು ಬೆಳಗಿನ ಊರು. ಕಡಲ ಬದಿಯ ರಸ್ತೆಗೆ ಸಂಜೆಯಿಂದ ಬೆಳಗ್ಗೆ ಏಳೂವರೆವರೆಗೆ ಗಾಡಿ ಬಿಡುವುದಿಲ್ಲ. ಆರು ಗಂಟೆಗೆ ಎದ್ದು ಗಾಂಧಿ ಪ್ರತಿಮೆಯಿಂದ ಹಳೇ ದೀಪಸ್ತಂಭದ ಕಡೆ ನಡೆದು, ಹಿಂದಿನ ಬೀದಿಗಳಿಗೆ ನುಗ್ಗಿದರೆ ಹಳದಿ ಗೋಡೆ, ಬಿಳಿ ಅಂಚು, ಗೋಡೆ ಮೇಲಿಂದ ಇಣುಕುವ ಕಾಗದದ ಹೂವು, ಎಲ್ಲ ನಿಮ್ಮದೇ. ಹತ್ತು ಗಂಟೆಯ ಮೇಲೆ ಅದೇ ಗೋಡೆಗಳ ಮುಂದೆ ಫೋಟೊ ತೆಗೆಸಿಕೊಳ್ಳಲು ಕ್ಯೂ ಇರುತ್ತದೆ. ಬೀದಿಗಳು ಚೌಕಾಕಾರ, ದಾರಿ ತಪ್ಪುವ ಮಾತೇ ಇಲ್ಲ. ಕಾಲುವೆಯ ಈಚೆ ತಮಿಳರ ಬೀದಿಗಳು. ಅಲ್ಲಿನ ಜಗುಲಿ ಮನೆಗಳನ್ನು ಬಹಳ ಜನ ನೋಡದೆ ಬರುತ್ತಾರೆ.

1674ರಲ್ಲಿ ಫ್ರೆಂಚರು ನೆಲೆ ಊರಿದ್ದು, 1761ರಲ್ಲಿ ಇಂಗ್ಲಿಷರು ಊರನ್ನು ನೆಲಸಮ ಮಾಡಿದ್ದು, ಮತ್ತೆ ಕಟ್ಟಿದ್ದು, ಕೊನೆಗೆ 1954ರ ನವೆಂಬರ್ 1ರಂದು ಭಾರತದ ಕೈಗೆ ಬಂದಿದ್ದು, ಹೀಗೆ ದೊಡ್ಡ ಕಥೆ. ಅದಕ್ಕೂ ಹಳೆಯದು ಊರಿನ ದಕ್ಷಿಣಕ್ಕಿರುವ ಅರಿಕಮೇಡು. ರೋಮಿನ ಜೊತೆ ವ್ಯಾಪಾರ ಮಾಡುತ್ತಿದ್ದ ಜಾಗ. 1945ರಲ್ಲಿ ಇಲ್ಲಿ ಅಗೆಸಿದ ಪುರಾತತ್ವಜ್ಞ ಮಾರ್ಟಿಮರ್ ವೀಲರ್, ಇಲ್ಲಿ ಸಿಕ್ಕ ಮಡಕೆ ಚೂರುಗಳ ಕಾಲದ ಲೆಕ್ಕ ಹಿಡಿದುಕೊಂಡೇ 1947ರಲ್ಲಿ ನಮ್ಮ ಚಿತ್ರದುರ್ಗದ ಬ್ರಹ್ಮಗಿರಿ, ಚಂದ್ರವಳ್ಳಿಯಲ್ಲಿ ಅಗೆಸಿದ. ಈಗ ಅರಿಕಮೇಡಿನಲ್ಲಿರುವುದು ಮರಗಳ ತೋಪು, ಮುರುಕು ಇಟ್ಟಿಗೆ ಗೋಡೆ. ಮಕ್ಕಳು ಬೇಜಾರಾಗುತ್ತಾರೆ, ಇತಿಹಾಸದ ಹುಚ್ಚಿದ್ದವರು ಮಾತ್ರ ಹೋಗಿ.

ಊರ ಮುಂದಿನ ದಡ ಬಹುಪಾಲು ಬಂಡೆಯದ್ದು. ಮರಳು ಬೇಕಾದರೆ ಚುಣ್ಣಾಂಬಾರ್‌ನಿಂದ ದೋಣಿಯಲ್ಲಿ ಪ್ಯಾರಡೈಸ್ ಬೀಚಿಗೆ. ಆರೋವಿಲ್‌ನ ಮಾತೃಮಂದಿರದ ಒಳಗೆ ಹೋಗಲು ಮೊದಲೇ ಬುಕ್ ಮಾಡಬೇಕು, ಹೊರಗಿನಿಂದ ನೋಡಲು ತಕರಾರಿಲ್ಲ.

ರೂಮಿನ ದರ ಕಡಲ ಬದಿಯ ಫ್ರೆಂಚ್ ಬೀದಿಗಳ ವೈಟ್ ಟೌನ್‌ನಲ್ಲಿ ವಾರಾಂತ್ಯ ಬಂದರೆ ಕಣ್ಣು ಕೆಂಪಾಗಿಸುತ್ತದೆ. ಚೆನ್ನೈ, ಬೆಂಗಳೂರು ಎರಡೂ ಕಡೆಯ ಜನ ಮುಗಿಬೀಳುವುದರಿಂದ ಹೀಗೆ. ಅರವಿಂದಾಶ್ರಮದ ಅತಿಥಿಗೃಹಗಳು ಅಗ್ಗ, ಚೊಕ್ಕಟ. ಆದರೆ ಸಿಗರೇಟು, ಮದ್ಯ ಕೂಡದು, ರಾತ್ರಿ ಹತ್ತೂವರೆಗೆ ಗೇಟು ಹಾಕುತ್ತಾರೆ. ಪುದುಚೇರಿಗೆ ಅಗ್ಗದ ಮದ್ಯಕ್ಕೇ ಹೊರಟ ಹುಡುಗರಿಗೆ ಆ ಗೇಟು ಸರಿಹೋಗಲ್ಲ, ಅಲ್ವಾ?

ಹಾಗಾದ್ರೆ ಯಾರು ಎಲ್ಲಿಗೆ

ಎರಡೇ ರಾತ್ರಿ, ಸ್ವಂತ ಕಾರು, ಚಿಕ್ಕ ಮಕ್ಕಳು, ಮಾಂಸಾಹಾರ ಆಗುತ್ತದೆ ಅಂದ್ರೆ ಯೋಚನೆಯೇ ಬೇಡ, ಕಣ್ಣೂರು–ತಲಶ್ಶೇರಿ. ಹಿರಿಯರು ಜೊತೆಗಿದ್ದು ದೇವಸ್ಥಾನ, ಸಸ್ಯಾಹಾರ ಬೇಕಾದರೆ, ಅಥವಾ ಕೈ ಬಿಗಿ ಇದ್ದರೆ ಮಂಗಳೂರು. ಕಾರಿಲ್ಲದ ಗೆಳೆಯರ ಗುಂಪಿಗೆ ಕಲ್ಲಿಕೋಟೆ.

ಗಂಡ ಹೆಂಡತಿ ಇಬ್ಬರೇ, ನಡೆಯುವುದು, ಚಿತ್ರ, ಹಳೇ ಕಟ್ಟಡ ಇಷ್ಟ ಅಂದ್ರೆ ಪೈಪೋಟಿ ಕೊಚ್ಚಿ, ಪುದುಚೇರಿ ಮಧ್ಯೆ. ಎರಡರಲ್ಲಿ ಇತಿಹಾಸದ ತೂಕ ಕೊಚ್ಚಿಯದ್ದು, ಆರಾಮದ ತೂಕ ಪುದುಚೇರಿಯದ್ದು. ಕೊಚ್ಚಿಗೆ ರೈಲಿನಲ್ಲಿ ಹೋಗಿ, ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ. ಎರಡು ವರ್ಷಕ್ಕೊಮ್ಮೆ ಬರುವ ಬಿನಾಲೆ ಕಲಾ ಪ್ರದರ್ಶನ ಆ ವರ್ಷ ಇದ್ದರೆ ಗೋದಾಮುಗಳೇ ಗ್ಯಾಲರಿ ಆಗಿರುತ್ತವೆ. ಡಿಸೆಂಬರ್ ಕೊನೆಯ ವಾರ ಮಾತ್ರ ಬಿಟ್ಟುಬಿಡಿ, ಕಾರ್ನಿವಲ್ ಗಲಾಟೆಗೆ ಕಾಲಿಡಲು ಜಾಗ ಇರುವುದಿಲ್ಲ. ಪುದುಚೇರಿಗೆ ಜನವರಿ, ಫೆಬ್ರವರಿ, ಇಲ್ಲದಿದ್ದರೆ ನಮ್ಮ ಪಶ್ಚಿಮದ ಘಾಟಿಗಳು ಮಳೆಯಲ್ಲಿ ಕೈಕೊಡುವ ಜುಲೈ, ಆಗಸ್ಟ್. ಬಿಸಿಲಿರುತ್ತದೆ, ಬೆಳಗ್ಗೆ ಸಂಜೆ ಓಡಾಡಿ, ಮಧ್ಯಾಹ್ನ ಮಲಗಿ.

ದಸರಾ ರಜೆಗೆ ಊರು ಬಿಟ್ಟು ಹೋಗುವವರು ಪಶ್ಚಿಮದ ಕಡೆಗೇ ನೋಡಿ. ಮುಂಗಾರು ಇಳಿದಿರುತ್ತದೆ, ಹಸಿರು ಉಳಿದಿರುತ್ತದೆ, ಮೀನಿನ ದೋಣಿಗಳು ಕಡಲಿಗಿಳಿದು ಎರಡು ತಿಂಗಳಾಗಿರುತ್ತದೆ. ರೈಲಿನ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, ಆ ದಿನ ಬೆಳಗ್ಗೆಯೇ ಮಾಡಿಸಿ. ಕಾರಿನಲ್ಲಾದರೆ ಜಂಬೂಸವಾರಿಯ ದಿನ ಹೊರಡಬೇಡಿ, ಬೆಳಗ್ಗೆ ಎಂಟಕ್ಕೆಲ್ಲ ಊರೊಳಗಿನ ರಸ್ತೆಗಳು ಕಟ್ಟಿಹೋಗುತ್ತವೆ. ಹಿಂದಿನ ದಿನವೇ ಹುಣಸೂರು ದಾಟಿಬಿಡಿ.